ಬಾಗಿಲು ತಟ್ಟಿ ಒಳಬಂದ ಹುಡುಗಿಯರು

ಪತ್ರಿಕೆಯ ಕ್ರೀಡಾಪುಟದಲ್ಲಿ ದೊಡ್ಡ ಅಕ್ಷರದ ತಲೆಬರಹ ಸಿಗುವುದು ಫೈನಲ್ ಪಂದ್ಯಗಳಿಗೆ. ಕಪ್ ಎತ್ತಿ ಹಿಡಿದ ನಾಯಕ, ಸುತ್ತ ಕುಣಿಯುವ ಆಟಗಾರರು, ಪಕ್ಕದಲ್ಲಿ ಗಣ್ಯರ ನಗುಮುಖ. ಅರ್ಹತಾ ಸುತ್ತಿನ ಪಂದ್ಯಗಳಿಗೆ ಅಂಥ ಭಾಗ್ಯವಿಲ್ಲ. ಪುಟದ ಕೆಳಮೂಲೆಯಲ್ಲಿ ಜಾಗ ಉಳಿದಿದ್ದರೆ ನಾಲ್ಕು ಸಾಲು. ಅದೂ ಹುಡುಗಿಯರ ಫುಟ್‌ಬಾಲ್ ಆದರೆ ಎರಡೇ ಸಾಲು.

ಹಾಗಾಗಿ 2025ರಲ್ಲಿ ಎರಡು ತಿಂಗಳ ಅಂತರದಲ್ಲಿ ನಡೆದ ಎರಡು ಸಂಗತಿಗಳು ಬಹಳ ಮನೆಗಳಲ್ಲಿ ಸುದ್ದಿಯಾಗದೆ ಹೋದವು. ಆಗಸ್ಟ್ 10ರಂದು ಮ್ಯಾನ್ಮಾರ್‌ನ ಯಾಂಗೊನ್ ನಗರದಲ್ಲಿ ಭಾರತದ 20 ವರ್ಷದೊಳಗಿನ ಹುಡುಗಿಯರು ಏಷ್ಯಾ ಕಪ್‌ನ ಅಂತಿಮ ಹಂತಕ್ಕೆ ಅರ್ಹತೆ ಪಡೆದರು. ಇದಕ್ಕೆ ಮೊದಲು ಭಾರತ ಆ ಕಣದಲ್ಲಿ ಆಡಿದ್ದು 2006ರಲ್ಲಿ. ಅಕ್ಟೋಬರ್ 17ರಂದು ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ 17 ವರ್ಷದೊಳಗಿನವರು ತಮ್ಮ ವಯೋಮಿತಿಯ ಏಷ್ಯಾ ಕಪ್‌ಗೆ ದಾರಿ ಮಾಡಿಕೊಂಡರು. ಆ ವಿಭಾಗದಲ್ಲಿ ಭಾರತ 2005ರಲ್ಲಿ ಒಮ್ಮೆ ಆಡಿತ್ತು. ಆದರೆ ಆಗ ಅರ್ಹತಾ ಸುತ್ತೇ ಇರಲಿಲ್ಲ. ಎಂದರೆ, ಪರೀಕ್ಷೆ ಬರೆದು ಪಾಸಾಗಿ ಒಳಗೆ ಹೋದದ್ದು ಇದೇ ಮೊದಲು.

ಈ ಅರ್ಹತಾ ಸುತ್ತು ಎಂಬುದು ಏಣಿಯ ಕೆಳಗಿನ ಮೆಟ್ಟಿಲು. ಅದನ್ನು ಹತ್ತಿದವರಿಗೆ ಏಷ್ಯಾ ಕಪ್. ಅಲ್ಲಿ ಮೇಲಿನ ಸ್ಥಾನಗಳಲ್ಲಿ ನಿಂತವರಿಗೆ ವಿಶ್ವಕಪ್. 20 ವರ್ಷದೊಳಗಿನವರ 2026ರ ಏಷ್ಯಾ ಕಪ್ ಥಾಯ್ಲೆಂಡಿಗೆ ಗೊತ್ತಾಗಿತ್ತು. ಅದರಲ್ಲಿ ಜಾಗ ಇದ್ದದ್ದು 12 ತಂಡಗಳಿಗೆ. ಆತಿಥೇಯ ಥಾಯ್ಲೆಂಡಿಗೆ ಒಂದು. ಅರ್ಹತಾ ಸುತ್ತಿನ ಎಂಟು ಗುಂಪುಗಳಲ್ಲಿ ಮೊದಲು ಬಂದ ಎಂಟು ತಂಡಗಳಿಗೆ ಎಂಟು. ಎರಡನೇ ಸ್ಥಾನ ಪಡೆದವರಲ್ಲಿ ಉತ್ತಮರಾದ ಮೂವರಿಗೆ ಉಳಿದ ಮೂರು. 17 ವರ್ಷದೊಳಗಿನವರ ಲೆಕ್ಕ ಇನ್ನೂ ಬಿಗಿ. ಆತಿಥೇಯ ಚೀನಾ ಮತ್ತು ಹಿಂದಿನ ಸಲ ಮೊದಲ ಮೂರು ಸ್ಥಾನ ಪಡೆದಿದ್ದ ಉತ್ತರ ಕೊರಿಯಾ, ಜಪಾನ್, ದಕ್ಷಿಣ ಕೊರಿಯಾಗಳಿಗೆ ನೇರ ಪ್ರವೇಶ. ಮಿಕ್ಕ ಎಂಟು ಜಾಗಗಳು ಎಂಟು ಗುಂಪುಗಳ ವಿಜೇತರಿಗೆ ಮಾತ್ರ. ಎರಡನೆಯವರಾಗಿ ಬಂದರೆ ಮನೆಗೆ.

ಗಣಿತದ ಪುಸ್ತಕ ತೆರೆದು ಕೂತ ಹುಡುಗ ಹುಡುಗಿಯರು ಇಲ್ಲೊಂದು ಲೆಕ್ಕ ಮಾಡಿ ನೋಡಬಹುದು. ಒಂದು ಗುಂಪಿನಲ್ಲಿ ನಾಲ್ಕು ತಂಡಗಳಿದ್ದು, ಪ್ರತಿ ತಂಡವೂ ಉಳಿದ ಎಲ್ಲರೊಡನೆ ಒಂದೊಂದು ಸಲ ಆಡಿದರೆ ಒಟ್ಟು ಆರು ಪಂದ್ಯ. ಒಂದು ತಂಡದ ಪಾಲಿಗೆ ಮೂರೇ. ಮೂರು ತಂಡಗಳ ಗುಂಪಾದರೆ ಎರಡೇ. ಗೆದ್ದರೆ ಮೂರು ಪಾಯಿಂಟ್, ಸಮವಾದರೆ ಒಂದು, ಸೋತರೆ ಸೊನ್ನೆ. ವರ್ಷವಿಡೀ ನಡೆಯುವ ಲೀಗ್‌ನಲ್ಲಿ ಒಂದು ದಿನದ ಕೆಟ್ಟ ಆಟವನ್ನು ಇನ್ನೊಂದು ದಿನದ ಒಳ್ಳೆಯ ಆಟ ತೂಗಿಸುತ್ತದೆ. ಅದೃಷ್ಟ ದುರದೃಷ್ಟಗಳು ಕೊನೆಗೆ ಸರಿಸುಮಾರು ಸಮವಾಗುತ್ತವೆ. ಎರಡು ಮೂರು ಪಂದ್ಯಗಳಲ್ಲಿ ಅದಕ್ಕೆ ವೇಳೆ ಎಲ್ಲಿದೆ? ಮಳೆಯಲ್ಲಿ ಜಾರಿದ ಒಂದು ಹೆಜ್ಜೆ, ಗೋಲುಕಂಬಕ್ಕೆ ಬಡಿದು ಹೊರಗೆ ಹೋದ ಒಂದು ಚೆಂಡು, ಇಷ್ಟರಲ್ಲೇ ಎರಡು ವರ್ಷದ ಶ್ರಮ ನೀರುಪಾಲಾಗಬಹುದು.

ಹಾಗೆ ನೀರುಪಾಲಾದ ಉದಾಹರಣೆಯೂ ಇದೆ. 2023ರ ಮಾರ್ಚಿಯಲ್ಲಿ ವಿಯೆಟ್ನಾಂನಲ್ಲಿ ನಡೆದ ಅರ್ಹತಾ ಸುತ್ತಿನಲ್ಲಿ ಭಾರತದ 20 ವರ್ಷದೊಳಗಿನವರ ತಂಡ ಸಿಂಗಪುರವನ್ನು 7–0ಯಿಂದ ಸೋಲಿಸಿತು, ಇಂಡೊನೇಷ್ಯಾವನ್ನು 6–0ಯಿಂದ ಮಣಿಸಿತು, ಆತಿಥೇಯ ವಿಯೆಟ್ನಾಂ ಜತೆ 1–1ರಲ್ಲಿ ಸಮ ಮಾಡಿಕೊಂಡಿತು. ಒಂದು ಪಂದ್ಯವನ್ನೂ ಸೋಲಲಿಲ್ಲ. ಆದರೂ ಮುಂದಿನ ಸುತ್ತಿಗೆ ಹೋದದ್ದು ವಿಯೆಟ್ನಾಂ. ಇಬ್ಬರ ಪಾಯಿಂಟೂ ಒಂದೇ, ತಮ್ಮೊಳಗಿನ ಪಂದ್ಯವೂ ಸಮ. ಆಗ ನೋಡುವುದು ಗೋಲು ವ್ಯತ್ಯಾಸವನ್ನು, ಅಂದರೆ ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದರೆ ಉಳಿಯುವ ಸಂಖ್ಯೆಯನ್ನು. ಆ ಕಳೆಯುವ ಲೆಕ್ಕದಲ್ಲಿ ಭಾರತ ಹಿಂದೆ ಬಿತ್ತು. ಸಿಇಟಿಯಲ್ಲಿ ಒಂದಂಕದಿಂದ ಸೀಟು ತಪ್ಪಿದ ಮನೆಗಳಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ದುರ್ಬಲ ತಂಡದ ಮೇಲೆ ಐದು ಗೋಲು ಹೊಡೆದ ಮೇಲೂ ಆರನೆಯದಕ್ಕೆ, ಏಳನೆಯದಕ್ಕೆ ಯಾಕೆ ಓಡುತ್ತಾರೆ, ಪಾಪ ಎನ್ನಿಸುವುದಿಲ್ಲವೇ ಎಂದು ಟಿವಿ ನೋಡುವ ಅಮ್ಮಂದಿರು ಕೇಳುವುದುಂಟು. ಉತ್ತರ ವಿಯೆಟ್ನಾಂನ ಆ ಮಾರ್ಚಿಯಲ್ಲಿದೆ. ಅರ್ಹತಾ ಸುತ್ತಿನಲ್ಲಿ ಏಳನೇ ಗೋಲು ದುರಾಸೆಯಲ್ಲ, ಕಷ್ಟಕಾಲಕ್ಕೆಂದು ಕೂಡಿಟ್ಟ ದುಡ್ಡು.

ಯಾಂಗೊನ್‌ಗೆ ಬಂದಾಗ ಸ್ವೀಡನ್ ದೇಶದ ತರಬೇತುದಾರ ಯೋಕಿಮ್ ಅಲೆಕ್ಸಾಂಡರ್‌ಸನ್ ಅವರ ಕೈಯಲ್ಲಿದ್ದ ತಂಡಕ್ಕೆ ಆರಂಭವೇನೂ ಸುಗಮವಾಗಿರಲಿಲ್ಲ. ಆಗಸ್ಟ್ 6ರಂದು ಇಂಡೊನೇಷ್ಯಾ ವಿರುದ್ಧ 0–0. ಎರಡು ವರ್ಷದ ಹಿಂದೆ ಆರು ಗೋಲಿನಿಂದ ಗೆದ್ದಿದ್ದ ದೇಶದ ಎದುರು ಈಗ ಒಂದೂ ಗೋಲಿಲ್ಲ. ಪೇಪರಿನಲ್ಲಿ ನೋಡಿದವರಿಗೆ ಇದು ಸೊನ್ನೆಗೆ ಸೊನ್ನೆ. ಆದರೆ ಪಟ್ಟಿಯಲ್ಲಿ ಅದೇ ಒಂದು ಪಾಯಿಂಟ್. ಎರಡು ದಿನ ಬಿಟ್ಟು ತುರ್ಕಮೆನಿಸ್ತಾನದ ಮೇಲೆ 7–0. ನಾಲ್ಕು ಪಾಯಿಂಟು ಕೈಲಿಟ್ಟುಕೊಂಡು ಕೊನೆಯ ಪಂದ್ಯ, ಅದೂ ಮ್ಯಾನ್ಮಾರ್ ವಿರುದ್ಧ, ಅವರದೇ ನೆಲದಲ್ಲಿ, ಅವರದೇ ಜನರ ಕೂಗಾಟದ ನಡುವೆ.

ಪಂದ್ಯದ 27ನೇ ನಿಮಿಷದಲ್ಲಿ ಪೂಜಾ ಎಂಬ ಹುಡುಗಿ ಚೆಂಡನ್ನು ಬಲೆಗೆ ಸೇರಿಸಿದಳು. ಆಮೇಲೆ ಉಳಿದದ್ದು ಒಂದು ಗಂಟೆಗೂ ಮಿಕ್ಕಿದ ಕಾಯುವ ಕೆಲಸ. ಉತ್ತರಾರ್ಧದಲ್ಲಿ ಆತಿಥೇಯರು ಮೇಲಿಂದ ಮೇಲೆ ಏರಿ ಬಂದರು. ಗೋಲ್‌ಕೀಪರ್ ಮೊನಾಲಿಷಾ ದೇವಿ ಗೋಡೆಯಾಗಿ ನಿಂತಳು. ಗೋಲು ಹೊಡೆದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಗೋಲಾಗದಂತೆ ನೋಡಿಕೊಂಡವರ ಹೆಸರು ಬಂದರೆ ಬಂತು, ಇಲ್ಲವಾದರೆ ಇಲ್ಲ. ಮನೆಯಲ್ಲಿ ಹಾಲು ಉಕ್ಕದಂತೆ ಒಲೆಯ ಮುಂದೆ ನಿಂತವರನ್ನು ಯಾರಾದರೂ ಹೊಗಳುತ್ತಾರೆಯೇ? ರೆಫರಿಯ ಕೊನೆಯ ಸೀಟಿ ಕೇಳಿದಾಗ ಫಲಿತಾಂಶ 1–0 ಆಗಿಯೇ ಉಳಿದಿತ್ತು. ಭಾರತಕ್ಕೆ ಏಳು ಪಾಯಿಂಟು, ಗುಂಪಿನಲ್ಲಿ ಮೊದಲ ಸ್ಥಾನ.

ಅಕ್ಟೋಬರಿನಲ್ಲಿ ಬಿಷ್ಕೆಕ್‌ಗೆ ಹೋದ ಕಿರಿಯರ ತಂಡಕ್ಕೂ ಅಲೆಕ್ಸಾಂಡರ್‌ಸನ್ ಅವರೇ ಗುರು. ಗುಂಪಿನಲ್ಲಿ ಮೂರೇ ತಂಡಗಳು: ಭಾರತ, ಕಿರ್ಗಿಸ್ತಾನ, ಉಜ್ಬೇಕಿಸ್ತಾನ. 13ರಂದು ಕಿರ್ಗಿಸ್ತಾನದ ವಿರುದ್ಧ 2–1ರ ಗೆಲುವು. ನಾಲ್ಕು ದಿನದ ನಂತರ ಉಜ್ಬೇಕಿಸ್ತಾನದ ವಿರುದ್ಧ ಪೂರ್ವಾರ್ಧದಲ್ಲೇ ಒಂದು ಗೋಲು ಬಿಟ್ಟುಕೊಟ್ಟು ವಿರಾಮಕ್ಕೆ ಬಂದಾಗ 0–1. ಹಾಗೆಯೇ ಮುಗಿದಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ವಿಮಾನ ಹತ್ತುವುದೊಂದೇ ಬಾಕಿ. ಬದಲಿ ಆಟಗಾರ್ತಿಯಾಗಿ ಅಂಕಣಕ್ಕೆ ಇಳಿದಿದ್ದ ಥಂಡಾಮೊನಿ ಬಾಸ್ಕೆ 55ನೇ ನಿಮಿಷದಲ್ಲಿ ಗೋಲು ಹೊಡೆದು ಸಮ ಮಾಡಿದಳು. 66ರಲ್ಲಿ ಅನುಷ್ಕಾ ಕುಮಾರಿಯ ಗೋಲು. 2–1. ಮೊದಲ ಹನ್ನೊಂದರಲ್ಲಿ ಹೆಸರಿಲ್ಲ ಎಂದು ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂರುವ ಮಕ್ಕಳು ಶಾಲಾ ತಂಡಗಳಲ್ಲೂ ಇರುತ್ತಾರೆ. ಕರೆ ಬಂದ ಕ್ಷಣ ಸಿದ್ಧವಾಗಿರುವುದೂ ಆಟದ ಒಂದು ಭಾಗ ಎಂಬುದನ್ನು ಅವರಿಗೆ ಹೇಳಲು ಇನ್ನು ಮುಂದೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.

ಈ ಎರಡು ಗೆಲುವುಗಳ ತೂಕ ತಿಳಿಯಬೇಕಾದರೆ 2022ನ್ನು ನೆನೆಯಬೇಕು. ಆ ವರ್ಷ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಭಾರತದಲ್ಲೇ ನಡೆಯಿತು. 2020ರಲ್ಲಿ ನಡೆಯಬೇಕಾಗಿದ್ದುದನ್ನು ಕೊರೊನಾ ತಡೆದಿತ್ತು. ಆತಿಥೇಯ ದೇಶವಾದ್ದರಿಂದ ಭಾರತಕ್ಕೆ ಅರ್ಹತಾ ಸುತ್ತಿನ ಗೊಡವೆಯಿಲ್ಲದೆ ನೇರ ಪ್ರವೇಶ. ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಅಮೆರಿಕದ ವಿರುದ್ಧ 0–8, ಮೊರಾಕ್ಕೊ ವಿರುದ್ಧ 0–3, ಬ್ರೆಜಿಲ್ ವಿರುದ್ಧ 0–5. ಮೂರು ಪಂದ್ಯ, ಹದಿನಾರು ಗೋಲು, ಎದುರಾಳಿಯ ಬಲೆಗೆ ಒಂದೂ ಇಲ್ಲ.

ಆ ಹುಡುಗಿಯರನ್ನು ದೂರುವುದು ನ್ಯಾಯವಲ್ಲ. ಜಾರ್ಖಂಡದ ಗುಮ್ಲಾ ಜಿಲ್ಲೆಯ ಹಳ್ಳಿಯೊಂದರಿಂದ ಬಂದ ಅಷ್ಟಂ ಒರಾಂವ್ ನಾಯಕಿಯಾಗಿದ್ದ ಆ ತಂಡ ಕೊನೆಯ ನಿಮಿಷದವರೆಗೂ ಓಡಿತು. ತಪ್ಪು ಓಟದಲ್ಲಿರಲಿಲ್ಲ. ಎದುರಾಳಿಗಳು ತಮ್ಮ ತಮ್ಮ ಖಂಡಗಳ ಅರ್ಹತಾ ಸುತ್ತುಗಳಲ್ಲಿ ಬೆಂದು ಬಂದವರು. ಗೆಲ್ಲಲೇಬೇಕಾದ ಪಂದ್ಯ ಎಂದರೇನು, ಒಂದು ಗೋಲಿನ ಹಿನ್ನಡೆಯಲ್ಲಿ ಉಸಿರು ಹೇಗೆ ಹಿಡಿಯಬೇಕು ಎಂಬುದನ್ನು ಅವರು ಅಲ್ಲಿ ಕಲಿತಿದ್ದರು. ಭಾರತದ ಹುಡುಗಿಯರಿಗೆ ಆ ತರಗತಿಯೇ ತಪ್ಪಿಹೋಗಿತ್ತು. ಕೆಳಗಿನ ತರಗತಿಗಳಲ್ಲಿ ಕೂರಿಸದೆ ಮಗುವನ್ನು ಒಮ್ಮೆಲೇ ಹತ್ತನೇ ತರಗತಿಗೆ ಕಳಿಸಿದರೆ ಪೆಟ್ಟು ಬೀಳುವುದು ಮಗುವಿಗೆ, ಕಳಿಸಿದವರಿಗಲ್ಲ. ಕೊಟ್ಟ ಪ್ರವೇಶಕ್ಕೂ ಗಳಿಸಿದ ಪ್ರವೇಶಕ್ಕೂ ಇರುವ ಅಂತರ ಇದು. ವಿರಾಮದಲ್ಲಿ 0–1 ಎಂದಿದ್ದ ಬಿಷ್ಕೆಕ್‌ನ ಫಲಕ 2–1 ಆದದ್ದು ಆ ಅಂತರದಲ್ಲಿ ನಡೆದ ಕಲಿಕೆಯ ಒಂದು ಗುರುತು.

ಕಿರಿಯರ ಆಟದಲ್ಲಿ ಎದುರಾಳಿ ತಂಡಕ್ಕಿಂತ ನಿಷ್ಕರುಣಿಯಾದ ಇನ್ನೊಬ್ಬ ಎದುರಾಳಿ ಇದ್ದಾನೆ: ಹುಟ್ಟಿದ ತಾರೀಖು. ಬಿಷ್ಕೆಕ್‌ನಲ್ಲಿ ಆಡಲು 2009ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿರಬೇಕಿತ್ತು, ಯಾಂಗೊನ್‌ನಲ್ಲಿ ಆಡಲು 2006ರ ಜನವರಿ 1ರಂದು ಅಥವಾ ಆಮೇಲೆ. ಒಂದು ದಿನ ಮೊದಲು ಹುಟ್ಟಿದವಳಿಗೆ ಎಷ್ಟೇ ಕಸುಬು ಗೊತ್ತಿದ್ದರೂ ಬಾಗಿಲು ಮುಚ್ಚಿದಂತೆಯೇ. ಪರೀಕ್ಷೆಗಾದರೆ ಮುಂದಿನ ವರ್ಷ ಮತ್ತೆ ಕಟ್ಟಬಹುದು. ಇಲ್ಲಿ ವಯಸ್ಸು ಸಪ್ಲಿಮೆಂಟರಿ ಕೊಡುವುದಿಲ್ಲ.

ಆ ವಯಸ್ಸು ಯಾವುದು ಎಂಬುದನ್ನೂ ನೋಡಬೇಕು. ಹದಿನೈದು, ಹದಿನಾರು. ಎಸೆಸೆಲ್ಸಿಯ ವರ್ಷ, ಪಿಯುಸಿಯ ಹೊಸ್ತಿಲು. ಶಾಲೆಗಳಲ್ಲಿ ಆಟದ ಪಿರಿಯಡ್ಡನ್ನು ಗಣಿತದ ಮೇಷ್ಟ್ರು, ವಿಜ್ಞಾನದ ಮೇಷ್ಟ್ರು ಹಂಚಿಕೊಳ್ಳುವ ಕಾಲ. ಮನೆಯಲ್ಲಿ "ಸಾಕು ಪುಟ್ಟಿ, ಹತ್ತನೇ ಕ್ಲಾಸು ಬಂತು, ಇನ್ನು ಆಟ ಕಟ್ಟಿಡು" ಎಂಬ ಮಾತು ಕೇಳುವ ಕಾಲ. ಗಂಡುಮಗನಿಗೂ ಇದೇ ಮಾತು ಬೀಳುತ್ತದೆ, ನಿಜ. ಆದರೆ ಹೆಣ್ಣುಮಗಳಿಗೆ ಅದರ ಜತೆಗೆ ಇನ್ನಷ್ಟು ಸೇರಿಕೊಳ್ಳುತ್ತದೆ. ಚಡ್ಡಿ ತೊಟ್ಟು ಮೈದಾನಕ್ಕೆ ಹೋಗುವುದನ್ನು ನೋಡಿ ಬೀದಿಯವರು ಏನೆಂದಾರು? ಬಿಸಿಲಿಗೆ ಬಣ್ಣ ಕೆಟ್ಟರೆ? ಮಂಡಿ ಮುರಿದರೆ ನಾಳೆ ಯಾರು ಮದುವೆಯಾಗುತ್ತಾರೆ? ಅಜ್ಜಿಯ ಪ್ರಶ್ನೆ, ಅತ್ತೆಯ ಪ್ರಶ್ನೆ, ಪಕ್ಕದ ಮನೆಯವರ ಪ್ರಶ್ನೆ. ಹುಡುಗಿ ದಾಟಬೇಕಾದ ಮೊದಲ ಅರ್ಹತಾ ಸುತ್ತು ಈ ನಡುಮನೆಯಲ್ಲೇ ನಡೆಯುತ್ತದೆ.

ಈ ಭಯಗಳೆಲ್ಲ ಸುಳ್ಳು ಎನ್ನುವಂತಿಲ್ಲ. ಗಾಯಗಳಾಗುತ್ತವೆ. ಶಿಬಿರಗಳಿಗೆ ಹೋದಾಗ ಪಾಠ ತಪ್ಪುತ್ತದೆ. ಹತ್ತಾರು ವರ್ಷ ಆಡಿದವರೆಲ್ಲರಿಗೂ ಕೆಲಸ ಸಿಗುತ್ತದೆಂಬ ಖಾತ್ರಿಯೂ ಇಲ್ಲ. ಹಾಗಿದ್ದರೂ ಕೆಲವು ಊರುಗಳು ಈ ಸುತ್ತನ್ನು ದಾಟಿವೆ. ಹೆಣ್ಣುಮಕ್ಕಳ ಸಂಖ್ಯೆ ಕುಸಿದದ್ದಕ್ಕಾಗಿ ಹೆಸರು ಕೆಡಿಸಿಕೊಂಡಿದ್ದ ಹರಿಯಾಣದಲ್ಲೇ, ಭಿವಾನಿ ಜಿಲ್ಲೆಯ ಅಲಖ್‌ಪುರ ಎಂಬ ಹಳ್ಳಿ ಇಂದು ಹುಡುಗಿಯರ ಫುಟ್‌ಬಾಲಿಗೆ ಹೆಸರುವಾಸಿ. ಅಲ್ಲಿ ಆಟ ಬೇರೂರಿದ್ದು ಸರ್ಕಾರಿ ಶಾಲೆಯ ಮೈದಾನದಲ್ಲಿ. ಮಣಿಪುರದಲ್ಲಿ ಹುಡುಗಿ ಫುಟ್‌ಬಾಲ್ ಆಡುವುದು ವಿಶೇಷವೇ ಅಲ್ಲ. ಜಾರ್ಖಂಡ, ಒಡಿಶಾಗಳ ಆದಿವಾಸಿ ಹಳ್ಳಿಗಳಿಂದಲೂ ಆಟಗಾರ್ತಿಯರು ಬರುತ್ತಿದ್ದಾರೆ. ಅಲ್ಲಿನ ತಂದೆತಾಯಿಯರಿಗೂ ಇದೇ ಭಯಗಳಿದ್ದವು. ಅವರು ಮಗಳನ್ನು ಸಂಜೆ ಒಂದು ಗಂಟೆ ಮೈದಾನಕ್ಕೆ ಬಿಟ್ಟರು, ಅಷ್ಟೆ.

ಗೆದ್ದವರ ಮಾತಾಯಿತು. ಯಾಂಗೊನ್‌ನಲ್ಲಿ ಸೋತ ಮ್ಯಾನ್ಮಾರ್ ಹುಡುಗಿಯರ ಕಣ್ಣೀರೂ ಅಷ್ಟೇ ನಿಜ. ಬಿಷ್ಕೆಕ್‌ನಲ್ಲಿ ಅರ್ಧ ಪಂದ್ಯ ಮುಂದಿದ್ದು ಕೊನೆಗೆ ಹಿಂದೆ ಬಿದ್ದ ಉಜ್ಬೇಕ್ ಹುಡುಗಿಯರಲ್ಲಿ ಕೆಲವರಿಗೆ ಆ ವಯೋಮಿತಿಯಲ್ಲಿ ಇನ್ನೊಂದು ಅವಕಾಶವೇ ಬಾರದಿರಬಹುದು. ಯಾವುದೇ ಅರ್ಹತಾ ಸುತ್ತು ಒಳಗೆ ಕಳಿಸುವವರಿಗಿಂತ ಹೊರಗೆ ಕಳಿಸುವವರೇ ಹೆಚ್ಚು. ಸೀಟುಗಳು ಎಣಿಕೆಯವು, ಕುಳಿತು ಬರೆಯುವವರು ಲಕ್ಷ ಮಂದಿ ಎಂಬ ಪರೀಕ್ಷೆಗಳಿಗೆ ಮಕ್ಕಳನ್ನು ಸಿದ್ಧಗೊಳಿಸುವ ಮನೆಗಳು ಇದನ್ನೂ ಮಕ್ಕಳಿಗೆ ಹೇಳಿಕೊಡಬೇಕಾಗುತ್ತದೆ. ವಿಯೆಟ್ನಾಂನಿಂದ ಒಂದೂ ಸೋಲಿಲ್ಲದೆ ಬರಿಗೈಲಿ ಮರಳಿದ ತಂಡದವರು ಕಲಿತ ಆಟ ಅವರಲ್ಲೇ ಉಳಿಯಿತು. ಯಾವ ಗೋಲು ವ್ಯತ್ಯಾಸವೂ ಅದನ್ನು ಕಳೆಯಲಾರದು.

ಮುಂದಿನ ಸಲವೂ ಅರ್ಹತಾ ಸುತ್ತಿನ ಸುದ್ದಿ ಪುಟದ ಕೆಳಮೂಲೆಯಲ್ಲೇ ಬರುತ್ತದೆ, ನಾಲ್ಕು ಸಾಲಿಗಿಂತ ಹೆಚ್ಚಿರುವುದಿಲ್ಲ. ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಬಹುದು. ಕೇಳಿಸಿಕೊಂಡ ಮಗಳು ಮೂಲೆಯಲ್ಲಿ ಗಾಳಿ ಇಳಿದು ಬಿದ್ದಿರುವ ಚೆಂಡಿನ ಕಡೆ ನೋಡಿದರೆ, ಸೈಕಲ್ ಅಂಗಡಿಗೆ ಹೋಗಿ ಅದಕ್ಕೆ ಗಾಳಿ ತುಂಬಿಸಿಕೊಂಡು ಬರಲು ಹತ್ತು ನಿಮಿಷ ಸಾಕು. ಹತ್ತನೇ ಕ್ಲಾಸಿನ ವರ್ಷದಲ್ಲೂ ಅಷ್ಟು ಬಿಡುವು ಇರುತ್ತದೆ.