ಚಿತ್ರ ತೋರುವ ಹಾಡಿನ ಪೆಟ್ಟಿಗೆ

ಅಮೆರಿಕಾದಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನು 2005ನೆಯ ಇಸವಿಯ ಬೇಸಗೆಯಲ್ಲಿ ತೊಗರ್ಸಿಗೆ ಬಂದಾಗ, ಇಸ್ಪೀಟಿನ ಕಟ್ಟಿನಷ್ಟು ಗಾತ್ರದ ಬಿಳಿಯ ಪೆಟ್ಟಿಗೆಯೊಂದನ್ನು ಜೇಬಿನಿಂದ ತೆಗೆದು ನಮ್ಮ ಅಂಗೈಯಲ್ಲಿಟ್ಟನು. ಆ್ಯಪಲ್ ಕಂಪೆನಿಯವರು ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಹೊರತಂದಿದ್ದ 'ಐಪಾಡ್ ಫೋಟೋ' ಎಂಬುದು ಅದರ ಹೆಸರು. ಬರಿಯ ಹಾಡು ಕೇಳಿಸುವ ಐಪಾಡು 2001ರಲ್ಲಿಯೇ ಹುಟ್ಟಿದ್ದಿತು. ಇದಾದರೋ ಎರಡು ಅಂಗುಲದ ಕಿಂಡಿಯಲ್ಲಿ ಬಣ್ಣದ ಚಿತ್ರಗಳನ್ನೂ ತೋರಿಸುವುದು. ಒಳಗೆ ತಿರುಗುವ ಒಂದು ಪುಟ್ಟ ತಟ್ಟೆ. ಅದರಲ್ಲಿ 10,000 ಹಾಡುಗಳು ಹಿಡಿಯುವುವಂತೆ. ಬೆಲೆ 499 ಡಾಲರೆಂದು ಕೇಳಿ, ಮನಸ್ಸಿನಲ್ಲಿಯೇ ರೂಪಾಯಿಗೆ ಲೆಕ್ಕ ಹಾಕಿ, ಅದನ್ನು ಮೆಲ್ಲನೆ ಅವನ ಕೈಗೆ ಹಿಂದಿರುಗಿಸಿದೆವು.

ಅಳಿಯನಿಗೆ ಅದರಿಂದ ಒಂದು ಕೆಲಸವಾಗಬೇಕಾಗಿದ್ದಿತು. ನಮ್ಮ ತಂದೆಯವರು ಶ್ರಾವಣಮಾಸದ ರಾತ್ರಿಗಳಲ್ಲಿ ಪಡಸಾಲೆಯಲ್ಲಿ ಕುಳಿತು ಲಕ್ಷ್ಮೀಶನ ಜೈಮಿನಿ ಭಾರತವನ್ನು ರಾಗವಾಗಿ ಓದುತ್ತಿದ್ದರು. ನಮ್ಮ ಮನೆಯಲ್ಲಿದ್ದುಕೊಂಡೇ ಶಾಲೆಗೆ ಹೋಗುತ್ತಿದ್ದ ಈ ಹುಡುಗನು ಅಜ್ಜನ ತೊಡೆಗೆ ಒರಗಿ ನಿದ್ದೆ ಹೋಗುತ್ತಿದ್ದನು. 1986ರಲ್ಲಿ ನಾವು ಟೇಪ್ ರೆಕಾರ್ಡರೊಂದನ್ನು ಎರವಲು ತಂದು ಒಂದು ರಾತ್ರಿಯ ಓದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದೆವು. 1991ರಲ್ಲಿ ತಂದೆಯವರು ತೀರಿಕೊಂಡರು. ಕ್ಯಾಸೆಟ್ಟು ಉಳಿಯಿತು, ಆದರೆ ಮಳೆಗಾಲದ ಥಂಡಿಗೆ ಅದರ ಸುರುಳಿಗೆ ಬೂಷ್ಟು ಹಿಡಿಯತೊಡಗಿದ್ದಿತು.

ಅಳಿಯನು ಎರಡು ದಿನ ಪಟ್ಟುಹಿಡಿದು ಕುಳಿತು, ಆ ದನಿಯನ್ನು ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಪೆಟ್ಟಿಗೆಗೆ ತುಂಬಿದನು. ಅಷ್ಟಕ್ಕೇ ಬಿಡದೆ ಗೋಡೆಯ ಮೇಲಿನ ಅಜ್ಜನ ಫೋಟೋವನ್ನೂ ಅದಕ್ಕೆ ಹೊಂದಿಸಿದನು. ಓದು ಮೊದಲಾದೊಡನೆ ಕಿಂಡಿಯಲ್ಲಿ ಅಜ್ಜನ ಮುಖವು ಮೂಡುವುದು.

ಪೆಟ್ಟಿಗೆಗೆ ತನ್ನದೇ ಬಾಯಿಲ್ಲ. ಕಿವಿಯ ಗುಂಡಿಗಳನ್ನು ನಮ್ಮ ತಾಯಿಯವರು ಒಲ್ಲೆನೆಂದುದರಿಂದ ಅದಕ್ಕೊಂದು ಚಿಕ್ಕ ಸ್ಪೀಕರನ್ನು ಜೋಡಿಸಲಾಯಿತು. ತಾಯಿಯವರು ಕೈಯಲ್ಲಿ ಹಿಡಿದು ನೋಡಿದರು, ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ ಪೆಟ್ಟಿಗೆಯನ್ನು ಮಡಿಲಲ್ಲಿ ಬೋರಲಾಗಿಟ್ಟುಕೊಂಡರು.

“ಯಾಕಜ್ಜಿ, ಸರಿಯಾಗಿ ಕಾಣಿಸುವುದಿಲ್ಲವೇ?”

“ಕಾಣಿಸುತ್ತದಪ್ಪ. ಇದು ಫೋಟೋಕ್ಕೆ ಕೂತ ನಿನ್ನಜ್ಜ. ಓದುತ್ತಿದ್ದವರು ಇವರಲ್ಲ.”

ಅವರ ಮಾತು ದಿಟ. ಆ ಫೋಟೋ ಯಾವುದೋ ಅರ್ಜಿಗೆ ಬೇಕೆಂದು ಶಿರಾಳಕೊಪ್ಪದಲ್ಲಿ ತೆಗೆಸಿದುದು. ಎರವಲು ಕೋಟು, ಬಿಗಿದ ತುಟಿ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಕಣ್ಣು. ಸುಧನ್ವನ ಪ್ರಸಂಗವನ್ನು ಓದುವಾಗ ಗದ್ಗದರಾಗುತ್ತಿದ್ದವರ ಮುಖವನ್ನು ಯಾವ ಕ್ಯಾಮರಾವೂ ಕಂಡಿರಲಿಲ್ಲ.

ಪಾಠ ಹೇಳುವ ಚಪಲ ನಮ್ಮನ್ನು ಸುಮ್ಮನಿರಗೊಡಲಿಲ್ಲ. ನಮ್ಮ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಭಾಗಿಸಿದರಷ್ಟೆ. ಶ್ರವ್ಯದಲ್ಲಿ ಚಿತ್ರವನ್ನು ಬರೆಯುವ ಹೊಣೆ ಕೇಳುವವನದು ಎಂದು ಅಳಿಯನಿಗೆ ಹೇಳಿದೆವು. ಶಿರಾಳಕೊಪ್ಪದ ಸಮೀಪದ ತಾಳಗುಂದದ ಸ್ತಂಭಶಾಸನವನ್ನೂ ಎಳೆದು ತಂದೆವು. ಅಲ್ಲಿ ಕುಬ್ಜನೆಂಬ ಕವಿಯು ಸಂಸ್ಕೃತದಲ್ಲಿ ಕದಂಬರ ಕಾಕುಸ್ಥವರ್ಮನನ್ನು ವರ್ಣಿಸಿ ಸುಮಾರು ಹದಿನೈದು ನೂರು ವರ್ಷಗಳಾದುವು. ಅರಸನ ಮುಖವನ್ನು ನಾವಾರೂ ಕಂಡಿಲ್ಲ. ಓದುವಾಗ ಅರಸನು ಕಾಣದೆಯೂ ಇಲ್ಲ.

ಅಳಿಯನು ಸಾವಕಾಶವಾಗಿ ಕೇಳಿ, “ಹಾಗಾದರೆ ಮಾವ, ಪಾತ್ರಗಳಿಗೆ ಬಣ್ಣ ಹಚ್ಚಿ ಕುಣಿಸುವುದೇಕೆ? ರಾಗಗಳಿಗೂ ಚಿತ್ರ ಬರೆದವರಿಲ್ಲವೇ?” ಎಂದನು. ರಾಗಮಾಲೆಯ ಚಿತ್ರಗಳನ್ನು ಅವನು ಅಲ್ಲಿಯ ವಸ್ತುಸಂಗ್ರಹಾಲಯವೊಂದರಲ್ಲಿ ಕಂಡಿದ್ದನಂತೆ. ರಾಗಕ್ಕೆ ಮೊದಲೇ ಒಂದು ಮುಖವಿರಲಿಲ್ಲ, ಆದುದರಿಂದ ಚಿತ್ರಕಾರನು ಕೊಟ್ಟದ್ದೇ ಮುಖವಾಯಿತು, ಅಜ್ಜನಿಗೆ ಇದ್ದಿತು ಎಂಬ ಉತ್ತರ ನಮಗೆ ಹೊಳೆದುದು ಅವನ ವಿಮಾನ ಹಾರಿದ ಮೇಲೆ.

ತಾಯಿಯವರಿಗೆ ಚಿತ್ರಗಳೇ ಬೇಡವಾಗಿದ್ದುವೆಂದು ವಾಚಕರು ತಿಳಿಯಬಾರದು. ಆ ಪೆಟ್ಟಿಗೆಯಲ್ಲಿ ಅಳಿಯನ ಎಳೆಗೂಸಿನ ಚಿತ್ರಗಳು ನೂರಾರು ಇದ್ದುವು. ಗುಂಡನೆಯ ಗಾಲಿಯ ಮೇಲೆ ಹೆಬ್ಬೆರಳನ್ನು ಸುತ್ತಿಸುವುದನ್ನು ಅವರು ಒಂದೇ ಮಧ್ಯಾಹ್ನದಲ್ಲಿ ಕಲಿತುಬಿಟ್ಟರು. ಚಿತ್ರಗಳು ಸಾಲಾಗಿ ಬರುತ್ತಿರುವಾಗ ಹಿಂದೆ ಹಾಡು ಕೇಳಿಸುವ ಏರ್ಪಾಡೂ ಇದ್ದಿತು. “ಕೂಸಿನ ಮುಖ ನೋಡುವಾಗ ಹಾಡು ಯಾಕೋ? ಅದರ ಅಳು ಇದ್ದರೆ ಕೇಳಿಸು,” ಎಂದರು. ಅಳುವನ್ನು ತರಲು ಅವನು ಮರೆತಿದ್ದನು.

ಹೊರಡುವಾಗ ಪೆಟ್ಟಿಗೆಯನ್ನು ಅಜ್ಜಿಗೇ ಬಿಟ್ಟುಹೋದನು. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅವರು ಓದನ್ನು ಹಾಕುವರು. ಕೆಲವು ಕ್ಷಣಗಳಲ್ಲಿ ಕಿಂಡಿಯ ಬೆಳಕು ತಾನಾಗಿಯೇ ಆರಿ, ಮುಖವು ಮಸುಕಾಗಿ, ದನಿಯು ಮಾತ್ರ ನಡೆಯುವುದು. ಆ ಬೆಳಕು ಆರುವವರೆಗೂ ಅವರು ಕಾದಿದ್ದು ಅನಂತರ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

2014ರಲ್ಲಿ ಅವರೂ ತೀರಿಕೊಂಡರು. ಆ ಬಳಿಕ ಪೆಟ್ಟಿಗೆಯನ್ನು ನಾವು ಪೆಠಾರಿಯಲ್ಲಿಟ್ಟು, ವರ್ಷಗಟ್ಟಲೆ ಚಾರ್ಜು ಮಾಡದೆ ಮರೆತೆವು. ಅದು ಈಗ ಏಳುವುದಿಲ್ಲ. ಐಪಾಡುಗಳನ್ನು ನಿಲ್ಲಿಸುವುದಾಗಿ ಕಂಪೆನಿಯವರೂ 2022ರ ಮೇ ತಿಂಗಳಲ್ಲಿ ಸಾರಿದರು. ಹಾಡು, ಚಿತ್ರ, ಮಾತು ಎಲ್ಲವೂ ಈಗ ಫೋನಿನಲ್ಲಿಯೇ. ಅಳಿಯನು ತನ್ನಲ್ಲಿದ್ದ ಪ್ರತಿಯಿಂದ ತಂದೆಯವರ ಓದನ್ನು ನಮ್ಮ ಫೋನಿಗೆ ಕಳುಹಿಸಿದ್ದಾನೆ. ಆ ಕೋಟಿನ ಫೋಟೋವೂ ಅಂಟಿಕೊಂಡೇ ಬಂದಿದೆ. ನಾವೂ ಬೋರಲಾಗಿಟ್ಟೇ ಕೇಳುತ್ತೇವೆ.

ಓದು ಅರ್ಧಕ್ಕೆ ಬಂದಾಗ, ಎರಡು ಪದ್ಯಗಳ ನಡುವೆ, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ತಾಯಿಯವರ ದನಿ ಒಂದೇ ಒಂದು ಸಲ ಕೇಳಿಬರುತ್ತದೆ: “ಬತ್ತಿ ಸ್ವಲ್ಪ ಏರಿಸಲೇ?” ಆ ರಾತ್ರಿ ಕರೆಂಟು ಹೋಗಿದ್ದಿತು.

ಕಳೆದ ಶ್ರಾವಣದಲ್ಲಿ ಅಳಿಯನು, “ಮಾವ, ಅಜ್ಜಿಯ ಫೋಟೋವನ್ನೂ ಅದರೊಡನೆ ಸೇರಿಸಿಕೊಡಲೇ?” ಎಂದು ಕೇಳಿದನು. ನಾವು ಇನ್ನೂ ಉತ್ತರ ಹೇಳಿಲ್ಲ.