ಚೀಲಕ್ಕೆ ಲೆಕ್ಕ ಐತಿ, ಹಮಾಲನಿಗೆ?

2023ರ ಡಿಸೆಂಬರ್ 4. ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಮೆಕ್ಕೆಜೋಳದ ಸಂಗ್ರಹಾಗಾರ ಕುಸಿದು ಬಿತ್ತು. ಏಳು ಕಾರ್ಮಿಕರು ಜೋಳದ ರಾಶಿಯಡಿ ಸತ್ತರು. ಏಳೂ ಜನ ಬಿಹಾರದಿಂದ ದುಡಿಯೋಕೆ ಬಂದವರು. ಮರುದಿನದವರೆಗೂ ಹೆಣ ಹುಡುಕಬೇಕಾಯ್ತು.

ಅದು ದೂರದ ಸುದ್ದಿ ಅಂತ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ನಾವು ಸುಮ್ಮನಿರೋ ಹಂಗಿಲ್ಲ. ನಮ್ಮ ಹೊಲದ ಬೆಳೆನೂ ಮೆಕ್ಕೆಜೋಳನೇ. ದೊಡ್ಡ ಊರಿನ ಗೋದಾಮುಗಳಲ್ಲಿ ಫೋರ್ಕ್‌ಲಿಫ್ಟ್ ಮಗುಚಿ, ರಿವರ್ಸ್ ಬರುವಾಗ ಬಡಿದು ಜನ ಸಾಯ್ತಾರೆ ಅಂತ ನೆಲಕ್ಕೆ ಹಳದಿ ಪಟ್ಟಿ ಎಳೀತಾರೆ, ಡ್ರೈವರ್‌ಗೆ ತರಬೇತಿ ಕೊಡ್ತಾರೆ. ನಮ್ಮ ಕಡೆ ಚೀಲ ಎತ್ತೋ ಯಂತ್ರ ಅಂದ್ರೆ ಹಮಾಲಣ್ಣನ ಬೆನ್ನು. ಅದಕ್ಕೆ ಯಾವ ಪಟ್ಟೀನೂ ಇಲ್ಲ.

ನಾನು ಗುಮಾಸ್ತ, ರಿಜಿಸ್ಟರ್ ಬರೆದೇ ಹೊಟ್ಟೆ ಹೊರೆಯೋನು. ಗೋದಾಮಿನ ಪುಸ್ತಕ ತೆಗೆದು ನೋಡಿ: ಲಾರಿ ನಂಬರ್, ಚೀಲ ಎಷ್ಟು, ತೂಕ ಎಷ್ಟು, ತೇವಾಂಶ ಎಷ್ಟು, ಎಲ್ಲಾ ಇರ್ತದೆ. ಹೊತ್ತವನ ಹೆಸರು ಮಾತ್ರ ಇರಲ್ಲ. ಅವನು ‘ಹಮಾಲಿ ಖರ್ಚು’ ಅನ್ನೋ ಕಾಲಂನಲ್ಲಿ ಒಂದು ಮೊತ್ತ, ಅಷ್ಟೆ.

ನಮ್ಮ ಕೇರಿಯ ಹಮಾಲಣ್ಣನೊಬ್ಬ ಚೀಲದ ನಿಟ್ಟು ಜಾರಿ ಕಾಲು ಮುರಿದುಕೊಂಡು, ಅರ್ಜಿ ಬರೆಸೋಕೆ ಬಂದಿದ್ದ. "ಅಲ್ಲಿ ಕೆಲಸಕ್ಕಿದ್ದೆ ಅನ್ನೋಕೆ ಒಂದು ಚೀಟಿ ಐತೇನಣ್ಣ?" ಅಂದೆ. "ಚೀಟಿ ಯಾಕಪ್ಪ, ಹನ್ನೆರಡು ವರ್ಷ ಹೊತ್ತೀನಿ, ಬೆನ್ನು ನೋಡು" ಅಂದ. ಮಾಲೀಕ "ಇವನು ನಮ್ಮವನಲ್ಲ" ಅಂತ ಒಂದೇ ಮಾತಲ್ಲಿ ಮುಗಿಸಿದ. ನೌಕರರ ಪರಿಹಾರ ಕಾಯ್ದೆ 1923ರಲ್ಲೇ ಬಂತು. ಆದರೆ ಯಾರ ಹತ್ರ ಕೆಲಸಕ್ಕಿದ್ದೆ ಅಂತ ತೋರಿಸದೆ ಪರಿಹಾರ ಸಿಗಲ್ಲ. ಬೆನ್ನಿನ ಕಾಯಿ ಕಚೇರಿಗೆ ಪುರಾವೆ ಅಲ್ಲ.

1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿದವರು ಬಾಬಾಸಾಹೇಬರು. ಜಾತಿ ದುಡಿಯೋರನ್ನೇ ಮೇಲು ಕೀಳಂತ ಒಡೆದಿದೆ ಅಂತ ತೋರಿಸಿದ್ದೂ ಅವರೇ. ನಮ್ಮ ಮಾರುಕಟ್ಟೆಗಳಲ್ಲಿ ಲೆಕ್ಕ ಬರೆಯೋರು ಯಾರು, ಹೊರೋರು ಯಾರು ಅಂತ ಒಮ್ಮೆ ನೋಡಿ ಬನ್ನಿ.

ಅವರ ಹೆಸರಿನ ‘ಅಂಬೇಡ್ಕರ್ ಕಾರ್ಮಿಕ ಸಹಾಯಹಸ್ತ’ ಯೋಜನೆಯಲ್ಲಿ ಹಮಾಲರೂ ಬರ್ತಾರೆ. ಅಪಘಾತದಲ್ಲಿ ಸತ್ತರೆ 1 ಲಕ್ಷ, ಆಸ್ಪತ್ರೆ ಖರ್ಚಿಗೆ 50,000 ರೂಪಾಯಿವರೆಗೆ. ಒಂದು ಜೀವಕ್ಕೆ ಇದು ಏನೇನೂ ಸಾಲದು. ಆದರೂ ನಿಮ್ಮ ಕೇರಿಯ ಹಮಾಲರನ್ನ ಕಾರ್ಮಿಕ ಇಲಾಖೆಗೆ ಕರೆದುಕೊಂಡು ಹೋಗಿ ನೋಂದಣಿ ಮಾಡಿಸಿ. ಒಂದು ಸರ್ಕಾರಿ ಕಾಗದದಲ್ಲಾದರೂ ಅವರ ಹೆಸರು ಬರಲಿ.

ನಾವು ಕೇಳಬೇಕಾದ್ದು ಮೂರೇ. ಪ್ರತಿ ಗೋದಾಮಿನಲ್ಲೂ ಹಮಾಲರ ಹಾಜರಿ ಪುಸ್ತಕ. ನಿಟ್ಟು ಎಷ್ಟು ಎತ್ತರ ಅಂತ ಗೋಡೆ ಮೇಲೊಂದು ಗೆರೆ. ಕಾಳಿನ ಸಂಗ್ರಹಾಗಾರಗಳಿಗೆ ವರ್ಷಾ ವರ್ಷ ತಪಾಸಣೆ. ಚೀಲ ಎಣಿಸೋಕೆ ಪುಸ್ತಕ ಇಟ್ಟೋರಿಗೆ ಮನುಷ್ಯರನ್ನ ಎಣಿಸೋಕೆ ಇನ್ನೊಂದು ಪುಸ್ತಕ ಇಡೋದು ಕಷ್ಟ ಅಲ್ಲ.

ಜೈಭೀಮ್.