ಹೊಲಕ್ಕೆ ವರ್ಷಕ್ಕೊಂದು ಬೆಳೆ, ಸಾಲಕ್ಕೆ ವಾರಕ್ಕೊಂದು ಕಂತು

ಕೂಡ್ಲಿಗಿ ಸೀಮೆಯ ಬಗ್ಗೆ ಮಾತಾಡುವವರೆಲ್ಲ ಬರದಿಂದಲೇ ಸುರು ಮಾಡುತ್ತಾರೆ. ಮಳೆ ಇಲ್ಲ, ಅದಕ್ಕೇ ಈ ಜನ ಹಿಂಗದಾರೆ ಅಂತ. ಮಳೆಯ ಮೇಲೆ ತಪ್ಪು ಹೊರಿಸಿದರೆ ಯಾರಿಗೂ ಸಿಟ್ಟು ಬರುವುದಿಲ್ಲ. ಮೋಡಕ್ಕೆ ಜಾತಿ ಇಲ್ಲ, ಬಡ್ಡಿ ಇಲ್ಲ, ಪಾರ್ಟಿ ಇಲ್ಲ. ಆದರೆ ಮಳೆ ಚಲೋ ಆದ ವರ್ಷವೂ ನಮ್ಮ ಕೇರಿ ಗುಳೆ ಹೋಗಿದೆ. ಕಾಫಿ ತೋಟಕ್ಕೆ ಹೋಗಿದೆ, ಬೆಂಗಳೂರಿನ ಕಟ್ಟಡಗಳಿಗೆ ಹೋಗಿದೆ. ಬಿತ್ತುವ ವಾರದಲ್ಲಿ ಕೈಯಾಗ ರೊಕ್ಕ ಇಲ್ಲದವನಿಗೆ ರೋಹಿಣಿ ಮಳೆ ಬಂದರೇನು, ಬಿಟ್ಟರೇನು?

ನಮ್ಮದು ಕೆಂಪು ಮಸಬು, ಗರಸು ನೆಲ. 1953ರಲ್ಲಿ ತುಂಗಭದ್ರೆಯ ಕಟ್ಟೆಯಲ್ಲಿ ನೀರು ನಿಂತಿತು, ಕಾಲುವೆಗಳು ಹೊಸಪೇಟೆ, ಸಿರುಗುಪ್ಪದ ಕಡೆ ಹರಿದವು. ನಮ್ಮ ಕಡೆಗೆ ಅದರ ಹೆಸರು ಮಾತ್ರ ಹರಿದು ಬಂತು. ಇಲ್ಲಿ ಶೇಂಗಾ, ಜೋಳ, ನವಣೆ, ಸಜ್ಜೆ, ಈಚೆಗೆ ಮೆಕ್ಕೆಜೋಳ. ಶೇಂಗಾದ ಲೆಕ್ಕ ಕೇಳಿ. ಎಕರೆಗೆ ಸುಮಾರು 40ರಿಂದ 50 ಕಿಲೋ ಬೀಜ ಬೇಕು. ನಮಗಿರುವುದು ಎರಡೂವರೆ ಎಕರೆ. ಅಂದರೆ ಕ್ವಿಂಟಾಲಿನ ಮೇಲೆ ಬೀಜ. ಬೆಳೆದ ಕಾಯಲ್ಲೇ ಬೀಜಕ್ಕೆ ತೆಗೆದಿಡಬಹುದಲ್ಲ ಅಂತ ಪ್ಯಾಟಿಯವರು ಕೇಳುತ್ತಾರೆ. ಇಡಬಹುದು, ಸಾಲಗಾರ ಕಣದಲ್ಲೇ ಬಂದು ನಿಲ್ಲದಿದ್ದರೆ! ಸುಗ್ಗಿಯಲ್ಲಿ ಅಗ್ಗಕ್ಕೆ ಅಳೆದುಕೊಟ್ಟ ಅದೇ ಶೇಂಗಾವನ್ನು ಮುಂಗಾರಿನಲ್ಲಿ ತುಟ್ಟಿಗೆ ಕೊಂಡು ತರುತ್ತೇವೆ. ಕೊಳ್ಳಲು ಮತ್ತೆ ಅವನ ಹತ್ತಿರವೇ ಹೋಗುತ್ತೇವೆ. ಈ ತಿರುಗಣಿಗೆ ಯಾರೂ ಬರ ಅಂತ ಹೆಸರಿಡುವುದಿಲ್ಲ.

ನಮ್ಮ ಅಜ್ಜ ಜೀತಗಾರ. ಮದುವೆಗೆ ತಂದ ಸಾಲಕ್ಕೆ ಮೈಯನ್ನೇ ಒತ್ತೆ ಇಟ್ಟವನು. ಅವನ ಬಡ್ಡಿಯ ಲೆಕ್ಕ ಅವನಿಗೆ ಗೊತ್ತಿರಲಿಲ್ಲ, ಗೋಡೆಯ ಮೇಲಿನ ಇದ್ದಿಲ ಗೆರೆ ಮಾತ್ರ ಗೊತ್ತಿತ್ತು. 1975ರ ಅಕ್ಟೋಬರಿನಲ್ಲಿ ಜೀತ ರದ್ದಿನ ಸುಗ್ರೀವಾಜ್ಞೆ ಬಂತು, 1976ರಲ್ಲಿ ಅದು ಕಾಯ್ದೆಯಾಯಿತು. ಅದೇ ವರ್ಷ ದೇವರಾಜ ಅರಸು ಸರ್ಕಾರದ ಋಣ ಪರಿಹಾರ ಕಾಯ್ದೆಯೂ ಬಂತು. ಅಜ್ಜ ಧಣಿಯ ಹಟ್ಟಿಯಿಂದ ಹೊರಗೆ ಬಂದ. ಆಮೇಲೆ ದರಖಾಸ್ತಿನಲ್ಲಿ ಗುಡ್ಡದ ಮಗ್ಗುಲಿಗೆ ಎರಡೂವರೆ ಎಕರೆ ಸಿಕ್ಕಿತು. ಜೀತ ಹೋಯಿತು, ನೆಲ ಬಂತು. ಆದರೆ ನೆಲದ ಜೊತೆ ಎತ್ತು ಬರಲಿಲ್ಲ, ಬೀಜ ಬರಲಿಲ್ಲ. ಹಟ್ಟಿ ಬಿಟ್ಟು ಬಂದವನು ಬಿತ್ತನೆಯ ಸಾಲಕ್ಕೆ ಅದೇ ಓಣಿಗೆ ಹೋಗಬೇಕಾಯಿತು.

ಬಾಬಾಸಾಹೇಬರು 1918ರಲ್ಲೇ ಸಣ್ಣ ಹಿಡುವಳಿಗಳ ಬಗ್ಗೆ ಒಂದು ದೀರ್ಘ ಲೇಖನ ಬರೆದರು. ಹೊಲ ಸಣ್ಣದು ಅನ್ನುವುದೇ ರೋಗವಲ್ಲ, ಹೊಲಕ್ಕೆ ಹಾಕುವ ಬಂಡವಾಳ, ಸಲಕರಣೆ ಸಾಲದು ಅನ್ನುವುದು ರೋಗ ಎಂಬುದು ಅವರ ವಾದ. ನೂರು ವರ್ಷ ದಾಟಿದೆ. ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟ್ರು ಇದನ್ನು ಒಂದು ದಿನವೂ ಹೇಳಲಿಲ್ಲ. ನಾವೇ ಹುಡುಕಿ ಓದಿದೆವು.

ಸಹಕಾರದ ಕತೆಯೂ ದೂರದ್ದಲ್ಲ. ಹಡಗಲಿಯ ಆಚೆ ಹೊಳೆ ದಾಟಿದರೆ ಗದಗ ಸೀಮೆ. ಅಲ್ಲಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೊಡ್ಡ ಕೆಲಸವೇ, ಇಲ್ಲ ಅನ್ನುವುದಿಲ್ಲ. ಆದರೆ 1951-52ರಲ್ಲಿ ದೇಶದ ಗ್ರಾಮೀಣ ಸಾಲದ ಸರ್ವೆ ಮಾಡಿದಾಗ ರೈತ ಎತ್ತಿದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರರಷ್ಟು. ಲೇವಾದೇವಿಯವರದು ನೂರಕ್ಕೆ ಎಪ್ಪತ್ತರ ಸುಮಾರು. ಷೇರು ಕಟ್ಟಿದವನಿಗೆ ಸಾಲ, ಪಹಣಿ ಇದ್ದವನಿಗೆ ಷೇರು. ಕೇರಿಯವನು ಸಂಘದ ಕಟ್ಟಡಕ್ಕೆ ಕಲ್ಲು ಹೊತ್ತ, ಸದಸ್ಯನಾಗಲಿಲ್ಲ.

1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ, 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು. ಆ ಬ್ಯಾಂಕು 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣಾ, 2019ರಲ್ಲಿ ಕರ್ನಾಟಕ ಗ್ರಾಮೀಣ ಆಯಿತು, 2025ರಲ್ಲಿ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಳಗೆ ಸೇರಿತು. ಬೋರ್ಡಿನ ಮೇಲೆ ಪ್ರಗತಿ, ವಿಕಾಸ ಎಲ್ಲ ಬಂದು ಹೋದವು. ಇದು ಜೋಕಲ್ಲ, ಬ್ಯಾಂಕಿನ ಚರಿತ್ರೆ.

1980ರ ಹೊತ್ತಿಗೆ ದೇಶದ ಎಲ್ಲಾ ಬ್ಲಾಕುಗಳಿಗೂ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮ ಬಂತು. ಸಣ್ಣ ರೈತನಿಗೆ ಕಾಲು ಭಾಗ ಸಬ್ಸಿಡಿ, ಕೂಲಿಯವನಿಗೆ ಮೂರನೇ ಒಂದು. ಉಳಿದದ್ದು ಸಾಲ. ನಮ್ಮ ಕೇರಿಗೆ ಅದು ಎಮ್ಮೆಯ ರೂಪದಲ್ಲಿ ಬಂತು. ಮೇವಿಲ್ಲದ ಊರಿಗೆ ಎಮ್ಮೆ! ಕಿವಿಗೆ ಬಿಲ್ಲೆ ಹೊಡೆದು ಫೋಟೋ ತೆಗೆದರು. ಬ್ಯಾಸಿಗ್ಯಾಗ ಎಮ್ಮೆ ಸತ್ತಿತು. ವಿಮೆ ಬೇಕಾದರೆ ಬಿಲ್ಲೆ ಇರುವ ಕಿವಿ ಕೊಯ್ದು ತಾ ಅಂದರು. ಅಜ್ಜ ಕಿವಿಯನ್ನು ಅರಿವೆಯಲ್ಲಿ ಸುತ್ತಿಕೊಂಡು ಮೂರು ದಿನ ಆಫೀಸು ಅಲೆದ. ನಾಲ್ಕನೆಯ ದಿನ ವಾಸನೆಗೆ ಒಳಗೆ ಬಿಡಲಿಲ್ಲ. ಆ ಎಮ್ಮೆಯ ಸಾಲ 1990ರ ಮನ್ನಾದಲ್ಲಿ ಹೋಯಿತಂತೆ. ನಮ್ಮ ಅಪ್ಪ ಈಗಲೂ ಎಮ್ಮೆ ಅಂದರೆ ಎದ್ದು ಹೋಗುತ್ತಾನೆ.

ಈಗ ತರಬೇತಿಯ ಮಾತು. ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಸಂಸ್ಥೆ ಸುರುವಾಯಿತು. ನಿರುದ್ಯೋಗಿ ಹಳ್ಳಿ ಹುಡುಗರಿಗೆ ಊಟ, ವಸತಿ, ಕಲಿಕೆ ಎಲ್ಲ ಉಚಿತ. ಅದೇ ಮಾದರಿಯಲ್ಲಿ ಆಮೇಲೆ ಜಿಲ್ಲೆಗೊಂದರಂತೆ ಬ್ಯಾಂಕುಗಳು ತರಬೇತಿ ಸಂಸ್ಥೆ ಕಟ್ಟಿದವು. ಇದನ್ನು ಹೀಗಳೆಯುವವರ ಜೊತೆ ನಾವಿಲ್ಲ. ಊರು ಬಿಟ್ಟು, ಜಾತಿ ಕೇಳದ ಪಂಕ್ತಿಯಲ್ಲಿ ಉಂಡು, ಒಂದು ಕಸುಬು ಕಲಿತು ಬರುವುದು ಕೇರಿಯ ಹುಡುಗಿಗೆ ಸಣ್ಣ ಮಾತಲ್ಲ. ನಮ್ಮ ಚಿಕ್ಕಪ್ಪನ ಮಗಳು ಹೀಗೇ ಹೊಲಿಗೆ ಕಲಿತು ಬಂದಳು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಮಿಷನ್ನಿನ ಸಾಲಕ್ಕೆ ಹೋದರೆ ಒಂದು ಬ್ಯಾಂಕಿನಲ್ಲಿ ಜಾಮೀನಿಗೆ ನೌಕರಿ ಇದ್ದವರನ್ನು ಕರಕೊಂಡು ಬಾ ಅಂದರು. ಕೇರಿಯಲ್ಲಿ ನೌಕರಿ ಇದ್ದವರು ಯಾರು? ಈಗ ಅವಳು ಇನ್ನೊಬ್ಬರ ಮಿಷನ್ನಿನ ಮೇಲೆ ಪೀಸಿಗಿಷ್ಟು ಅಂತ ಹೊಲಿಯುತ್ತಾಳೆ. ಕಲಿಸಿದವರ ಲೆಕ್ಕದಲ್ಲಿ ಅವಳು ತರಬೇತಿ ಪಡೆದವಳು. ಬ್ಯಾಂಕಿನ ಲೆಕ್ಕದಲ್ಲಿ ಅವಳು ಇಲ್ಲವೇ ಇಲ್ಲ.

ಬ್ಯಾಂಕಿನ ಬಾಗಿಲಲ್ಲಿ ನಿಂತವನಿಗೆ ಸಿಗದ ಸಾಲ ಕೇರಿಯ ಬಾಗಿಲಿಗೆ ತಾನೇ ಬೈಕಿನ ಮೇಲೆ ಬಂತು. ಮೈಕ್ರೋಫೈನಾನ್ಸ್. ಪಹಣಿ ಬೇಡ, ಜಾಮೀನು ಬೇಡ, ಆಧಾರ್ ಕಾರ್ಡು, ಹತ್ತು ಮಂದಿ ಹೆಂಗಸರು ಸಾಕು. ನಮ್ಮವ್ವ ಬೀಜಕ್ಕೆ ಅಂತ ತೆಗೆದಳು. ಮುಂದಿನ ವಾರದಿಂದಲೇ ಕಂತು. ಬೀಜ ಇನ್ನೂ ಮೊಳಕೆ ಒಡೆದಿಲ್ಲ, ಕಂತು ಬಂತು! ನಾಲ್ಕು ತಿಂಗಳ ಬೆಳೆಗೆ ಹದಿನಾರು ಹದಿನೇಳು ಕಂತು ಕಣ ಕಾಣುವ ಮೊದಲೇ ಕಟ್ಟಬೇಕು. ಎಲ್ಲಿಂದ? ಕೂಲಿಯಿಂದ. ಕೂಲಿ ಇಲ್ಲದ ವಾರ ಇನ್ನೊಂದು ಸಂಘದಿಂದ. ಒಬ್ಬಳು ಕಟ್ಟದಿದ್ದರೆ ಉಳಿದ ಒಂಬತ್ತು ಮಂದಿ ಅವಳ ಕಟ್ಟೆಯ ಮೇಲೆ ಕೂರುತ್ತಾರೆ. ಸಾಹುಕಾರ ಬೈದರೆ ಕೇರಿ ಒಂದಾಗುತ್ತಿತ್ತು. ಈಗ ಕೇರಿಯೇ ಕೇರಿಯನ್ನು ಬೈಯುತ್ತದೆ.

ಸಂಘ ಅನ್ನುವ ಮಾತು ಹೀಗೆ ಕೆಡಬೇಕಾಗಿರಲಿಲ್ಲ. 1980ರ ದಶಕದ ನಡುವಿನಲ್ಲಿ ಮೈರಾಡ ಸಂಸ್ಥೆ ನಮ್ಮ ರಾಜ್ಯದಲ್ಲಿ ಸ್ವಸಹಾಯ ಸಂಘಗಳನ್ನು ಕಟ್ಟಿಸಿದಾಗ ಉಳಿತಾಯ ಹೆಂಗಸರದು, ನಿಯಮವೂ ಅವರದೇ. ಯಾರಿಗೆ ಮೊದಲು, ಯಾವಾಗ ವಾಪಸ್ಸು, ಎಲ್ಲ ಅವರೇ ಕೂತು ಗೊತ್ತು ಮಾಡುತ್ತಿದ್ದರು. ಬೆಳೆ ಬಂದ ಮೇಲೆ ಕೊಡು ಅಂತ ಹೇಳುವ ಹಕ್ಕು ಆ ಜಮಖಾನೆಯ ಮೇಲಿತ್ತು. 1992ರಲ್ಲಿ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸಿತು. ಬೈಕಿನ ಮೇಲೆ ಬಂದವರು ಆ ಜಮಖಾನೆಯನ್ನು ಇಟ್ಟುಕೊಂಡರು, ಹಕ್ಕನ್ನು ಬಿಟ್ಟರು.

ಕಿರುಕುಳ ತಡೆಯಲಿಕ್ಕೆ ಅಂತ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ತಪ್ಪು ಮಾಡಿದವರಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಇರುವ ಕಂಪನಿಗಳು ಇದರ ಹೊರಗೆ. ಅವಕ್ಕೆ ಬೇರೆ ನಿಯಮ ಉಂಟು, 2022ರ ಏಪ್ರಿಲಿನಿಂದ ಜಾರಿಯಲ್ಲಿದೆ. ಓದಿದವರು ಇದನ್ನು ಕೇರಿಗೆ ಓದಿ ಹೇಳಬೇಕು: ಮನೆಯವರ ಒಟ್ಟು ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು, ಬೆಳಿಗ್ಗೆ ಒಂಬತ್ತರ ಮೊದಲು, ಸಂಜೆ ಆರರ ಮೇಲೆ ವಸೂಲಿಗೆ ಬರುವಂತಿಲ್ಲ, ಕಂತು ವಾರಕ್ಕೋ, ಹದಿನೈದು ದಿನಕ್ಕೋ, ತಿಂಗಳಿಗೋ ಅನ್ನುವುದರಲ್ಲಿ ಸಾಲಗಾರರ ಅನುಕೂಲಕ್ಕೆ ಅವಕಾಶ ಕೊಡಬೇಕು. ಈ ಮೂರನೆಯದನ್ನು ನಮ್ಮವ್ವನಿಗೆ ಹೇಳಿದಾಗ ಅವಳು ನಗುತ್ತಾ ಅಂದಳು, "ಕೇಳಿದ್ರ ಮುಂದಿನ ಸಲ ಕೊಡಾದಿಲ್ಲ ಅಂತಾರ, ಆವಾಗ ನಿನ್ನ ರೂಲ್ಸ್ ಬಿತ್ತಲೇನು?"

ಅವಳ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಬ್ಯಾಂಕಿನಲ್ಲಿತ್ತು. 2025ರ ಜನವರಿಯಿಂದ ಎರಡು ಲಕ್ಷದವರೆಗಿನ ಕೃಷಿ ಸಾಲಕ್ಕೆ ಒತ್ತೆ, ಜಾಮೀನು ಬೇಡ. ಸಹಕಾರ ಸಂಘದಲ್ಲಿ ಬಡ್ಡಿ ಇಲ್ಲದ ಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ ಮೂರರಿಂದ ಐದು ಲಕ್ಷಕ್ಕೆ ಏರಿಸಿದರು. ಕೇರಿಗೆ ಯಾಕೆ ಬರಲಿಲ್ಲ? ನಮ್ಮ ಹೊಲದ ಪಹಣಿ ಅಜ್ಜನ ಹೆಸರಲ್ಲಿದೆ. ಅಜ್ಜ ಮಣ್ಣಿನಲ್ಲಿದ್ದಾನೆ. ಪೌತಿ ಖಾತೆ ಆಗಿಲ್ಲ. ಸತ್ತವನಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಬೆಳೆವಿಮೆಯೂ ಸಿಗುವುದಿಲ್ಲ. ಮೇಲಾಗಿ ಇದು ಮಂಜೂರಾದ ಜಮೀನು, 1978ರ ಕಾಯ್ದೆಯದು, ಆಗೋದಿಲ್ಲ ಅಂತ ಕೌಂಟರಿನಲ್ಲಿ ಒಬ್ಬರು ಹೇಳಿದರು. ಆ ಕಾಯ್ದೆ ನಮ್ಮ ನೆಲ ಉಳ್ಳವರ ಪಾಲಾಗದಿರಲಿ ಅಂತ ಬಂದದ್ದು. ಬ್ಯಾಂಕಿಗೆ ಬರೆದುಕೊಡುವುದಕ್ಕೆ ಅದರ ಏಳನೇ ಕಲಮಿನಲ್ಲೇ ವಿನಾಯ್ತಿ ಇದೆ. ಕಾಯುವ ಬೇಲಿಯನ್ನೇ ತೋರಿಸಿ ಬಾಗಿಲಿಲ್ಲ ಅಂದರು. ಇನ್ನು ಕೋರಿಗೆ ಬಿತ್ತುವವರ ಪಾಡು? 1974ರ ತಿದ್ದುಪಡಿಯ ನಂತರ ಗೇಣಿಗೆ ಕೊಡುವುದೇ ಕಾನೂನಿನಲ್ಲಿ ಇಲ್ಲ. ಇಲ್ಲದ ಗೇಣಿಗೆ ಕಾಗದ ಎಲ್ಲಿಂದ ಬಂದೀತು? ನೆಲ ಉತ್ತವನು ಒಬ್ಬ, ಬೆಳೆಸಾಲ ಎತ್ತಿದವನು ಇನ್ನೊಬ್ಬ, 2018ರಲ್ಲಿ ಮನ್ನಾ ಆದದ್ದೂ ಅವನಿಗೇ.

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಮೂರೂ ಮೀಸಲು ಕ್ಷೇತ್ರಗಳು. 2021ರಲ್ಲಿ ವಿಜಯನಗರ ಅಂತ ಹೊಸ ಜಿಲ್ಲೆಯೂ ಆಯಿತು. ಹರಪನಹಳ್ಳಿಯವರಂತೂ ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ ಅಂತ ಅರ್ಜಿಯ ತಲೆಬರಹ ಬದಲಿಸುತ್ತಲೇ ಇದ್ದಾರೆ. ಅರ್ಜಿಯ ಒಳಗಿನ ಮಾತು ಬದಲಾಗಿಲ್ಲ.

ನಾವು ನಾಲ್ಕೈದು ಜನ, ಡಿಗ್ರಿ ಆಗಿ ಕೆಲಸ ಇಲ್ಲದವರು, ಕವಿತೆ ಬರೆಯುವವರೂ ಅದರಲ್ಲಿದ್ದೇವೆ, ಈಗ ಭಾನುವಾರ ಶಾಲೆಯ ಪಡಸಾಲೆಯಲ್ಲಿ ಕೂರುತ್ತೇವೆ. ಮರಣ ಪತ್ರ, ವಂಶವೃಕ್ಷ, ಹಳೆಯ ಪಹಣಿ ಒಂದೊಂದನ್ನೇ ಜೋಡಿಸಿ ಪೌತಿಯ ಅರ್ಜಿ ಬರೆಯುತ್ತೇವೆ. ಶಾಲೆಯ ಮೇಷ್ಟ್ರು ಬೀಗದ ಕೈ ಕೊಟ್ಟಿದ್ದಾರೆ. ಹೆಣ್ಣುಮಕ್ಕಳು ಕಂತಿನ ಚೀಟಿಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದು ಸುರಿಯುತ್ತಾರೆ. ಅಸಲೆಷ್ಟು, ಬಡ್ಡಿಯೆಷ್ಟು ಅಂತ ಬಿಡಿಸಿ ಹೇಳುವುದರಲ್ಲೇ ಹೊತ್ತು ಮುಳುಗುತ್ತದೆ. ಬೇರೆ ಊರುಗಳ ಮೇಷ್ಟ್ರುಗಳೂ ಒಂದು ಬೀಗದ ಕೈ ಕೊಟ್ಟರೆ ಬಂದು ಕೂರಲು ನಾವು ತಯಾರು. ಅವ್ವನ ಅರ್ಜಿ ನಾಡಕಚೇರಿಗೆ ಹೋಗಿದೆ. ಅಜ್ಜನ ಮರಣ ಪತ್ರದಲ್ಲಿ ಹೆಸರು ಒಂದು ಥರ, ಪಹಣಿಯಲ್ಲಿ ಒಂದು ಥರ ಇದೆಯಂತೆ, ಇಬ್ಬರೂ ಒಬ್ಬನೇ ಅಂತ ಅಫಿಡವಿಟ್ ತರಲು ಹೇಳಿದ್ದಾರೆ. ಸೋಮವಾರ ಕೂಡ್ಲಿಗಿಗೆ ಹೋಗಬೇಕು.